ಎಣ್ಣೆಯಕ್ಕನ ಹೊಸ ಬಾಣಲೆ

ಸಂಜೆ ಐದು ಗಂಟೆ ನಲವತ್ತು ನಿಮಿಷಕ್ಕೆ ಎಣ್ಣೆಯಕ್ಕ ಬ್ರೆಡ್ ಕಾರ್ಖಾನೆಯಲ್ಲಿ, ಹಿಟ್ಟು ತುಂಡರಿಸುವ ಯಂತ್ರದ ಪಕ್ಕ ಮಂಡಿಯೂರಿ ಕುಳಿತು ಅಲಗಿನ ಸಂದಿಗೆ ಬಿಳಿ ಎಣ್ಣೆ ಬಿಡುತ್ತಿದ್ದಳು. ಪಾಳಿ ಬದಲಾಗುವ ಹೊತ್ತು. ಯಂತ್ರ ಸುಮ್ಮನಿರುವುದು ಆಗ ಮಾತ್ರ. ಕೊಕ್ಕಿನಂಥ ಮೂತಿಯ ಡಬ್ಬಿಯನ್ನು ಎಡಗೈಯಲ್ಲಿ ಹಿಡಿಯುವುದು, ಹೆಚ್ಚಾದ ಎಣ್ಣೆಯನ್ನು ಬಲಗೈಯ ತೋರುಬೆರಳಿನಿಂದ ತೆಗೆಯುವುದು, ಬೆರಳನ್ನು ಏಪ್ರನ್ನಿಗೆ ಒರೆಸಿಕೊಳ್ಳುವುದು: ಇದು ಆಕೆ ಕೆಲಸಕ್ಕೆ ಸೇರಿದಾಗಿನ ಕ್ರಮ. ಆಕೆಯ ನಿಜವಾದ ಹೆಸರು ಆಫೀಸಿನವರಿಗೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಆಕೆ ಎಣ್ಣೆಯಕ್ಕ.

ಗೇಟಿನ ಕಡೆಯಿಂದ ಧಡ್ ಎಂಬ ಸದ್ದು ಬಂತು. ಹಿಂದೆಯೇ ಮರ ಮುರಿದ ಸದ್ದು. ಆಮೇಲೆ ಯಾರೋ ಕೂಗಿಕೊಂಡರು.

ಆಕೆ ಡಬ್ಬಿ ಹಿಡಿದುಕೊಂಡೇ ಓಡಿದಳು. ಬ್ರೆಡ್ ಹಂಚಿ ವಾಪಸು ಬಂದ ವ್ಯಾನೊಂದು ಗೇಟಿನ ಕಂಬಕ್ಕೆ ಮೂತಿ ಇಟ್ಟು ನಿಂತಿತ್ತು. ಎಡಗಾಲಿಯ ಕೆಳಗೆ ಕಾವಲುಗಾರನ ಸ್ಟೂಲು ಪುಡಿಯಾಗಿ ಬಿದ್ದಿತ್ತು. ಎಲ್ಲರೂ ಗೇಟಿನಜ್ಜ ಎಂದು ಕರೆಯುವ ಆ ಕಾವಲುಗಾರ ಪಕ್ಕದಲ್ಲೇ, ಕೈಯಲ್ಲಿ ಖಾಲಿ ಲೋಟ ಹಿಡಿದು ನಿಂತಿದ್ದ. ವ್ಯಾನಿನೊಳಗೆ ಸ್ಟೀರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಕುಳಿತಿದ್ದವನು ಎಣ್ಣೆಯಕ್ಕನ ಗಂಡ.

"ಲೋಟ ತೊಳೆಯೋಕೆ ಅಂತ ಎದ್ದೆ ಅಷ್ಟೇ," ಎಂದ ಗೇಟಿನಜ್ಜ, ಸುತ್ತ ಸೇರಿದವರಿಗೆ. "ಎದ್ದಿಲ್ಲದಿದ್ರೆ ಸ್ಟೂಲಿನ ಜೊತೆ ನನ್ನನ್ನೂ ಗುಡಿಸಿ ಹಾಕ್ಬೇಕಾಗಿತ್ತು!"

"ಕಾಣ್ಲಿಲ್ಲ," ಎಂದ ಚಾಲಕ.

"ಏನು ಕಾಣ್ಲಿಲ್ಲ? ಕಂಬ ಕಾಣ್ಲಿಲ್ವಾ? ಅದೇನು ನಿನ್ನೆ ಮೊನ್ನೆ ಮೊಳೆತದ್ದಾ? ನನ್ನ ನಾಲ್ಕರಷ್ಟು ದಪ್ಪ ಇದೆಯಲ್ಲಯ್ಯಾ!"

"ಎದುರಿನಿಂದ ಲಾರಿ ಲೈಟು ಹೊಡೀತು. ಆಮೇಲೆ ಎಲ್ಲಾ ಕಪ್ಪು."

"ಲಾರಿ ಹೋಗಿ ಎಷ್ಟೊತ್ತಾಯ್ತು! ಕುಡಿದಿದೀಯೇನಯ್ಯಾ ನೀನು?"

ಪಾಳಿ ಮುಗಿಸಿ ಹೊರಟವರು, ಪಾಳಿಗೆ ಬಂದವರು, ಎಲ್ಲರೂ ಅಲ್ಲಿದ್ದರು. ಮಹಡಿಯ ಕಿಟಕಿಯಿಂದ ಮ್ಯಾನೇಜರ್ ಬಗ್ಗಿ ನೋಡುತ್ತಿದ್ದರು. ಎಣ್ಣೆಯಕ್ಕನಿಗೆ ಏನು ತೋಚಿತೋ, ವ್ಯಾನಿನ ಮೆಟ್ಟಿಲು ಹತ್ತಿ ಗಂಡನ ಮುಖದ ಹತ್ತಿರ ಮುಖ ತಂದಳು.

"ರೀ, ಬಾಯಿ ತೆಗೀರಿ."

"ಏನು?"

"ಬಾಯಿ ತೆಗೀರಿ ಅಂದೆ. ಊದಿ."

ಅವನು ಹೆಂಡತಿಯ ಮುಖ ನೋಡಿದ. ಆಮೇಲೆ, ಪೆಟ್ಟು ತಿಂದ ಮಗುವಿನ ಹಾಗೆ, ಬಾಯಿ ತೆರೆದು ಊದಿದ. ಮಧ್ಯಾಹ್ನದ ಚಹಾದ ವಾಸನೆ ಬಿಟ್ಟರೆ ಏನೂ ಇರಲಿಲ್ಲ.

"ಏನೂ ಇಲ್ಲ!" ಎಂದಳು ಆಕೆ ಗುಂಪಿನ ಕಡೆ ತಿರುಗಿ, ಗಂಡನ ಮಾನ ಉಳಿಸಿದೆನೆಂಬ ಧೈರ್ಯದಲ್ಲಿ. ಅವನ ಕಿವಿ ಎರಡೂ ಕೆಂಪಾಗಿದ್ದುದು ಆಕೆಗೆ ಕಾಣಲಿಲ್ಲ.

ಮ್ಯಾನೇಜರ್ ಕೆಳಗಿಳಿದು ಬಂದು ವ್ಯಾನಿನ ಬೀಗದಕೈ ಇಸಿದುಕೊಂಡರು. "ನಾಳೆ ಡಾಕ್ಟರಮ್ಮನ ಹತ್ರ ಹೋಗಿ ತೋರಿಸಿಕೊಳ್ಳಿ. ಗಾಡಿ ಓಡಿಸಬಹುದು ಅಂತ ಅವರು ಹೇಳೋವರೆಗೂ ಇದು ನನ್ನ ಹತ್ರ ಇರ್ಲಿ," ಎಂದರು. ದನಿ ಎತ್ತಲಿಲ್ಲ. ಎತ್ತಿದ್ದರೆ ವಾಸಿಯಿತ್ತು.

*

ಈ ವ್ಯಾನು ಒಮ್ಮೆ ಮೊದಲೂ ಕೈತಪ್ಪುವುದರಲ್ಲಿತ್ತು. ಅದು ಎರಡು ವರ್ಷದ ಹಿಂದಿನ ಮಾತು.

ಕಾರ್ಖಾನೆಯ ಚಾಲಕರಿಗೆಲ್ಲ ವರ್ಷಕ್ಕೊಮ್ಮೆ ದೇಹ ಪರೀಕ್ಷೆ. ಆ ವರ್ಷ ಡಾಕ್ಟರಮ್ಮ ಎಣ್ಣೆಯಕ್ಕನ ಗಂಡನ ರಕ್ತದೊತ್ತಡ ನೋಡಿದರು, ತೂಕ ನೋಡಿದರು, ರಕ್ತದಲ್ಲಿನ ಕೊಬ್ಬು ನೋಡಿದರು, ಕೊನೆಗೆ ಅವನ ಹೊಟ್ಟೆ ನೋಡಿದರು. "ಸ್ಟೀರಿಂಗಿಗೂ ನಿಮಗೂ ಮಧ್ಯೆ ಗಾಳಿ ಆಡೋಕೂ ಜಾಗ ಇಲ್ವಲ್ರೀ," ಎಂದರು. "ಮುಂದಿನ ಪರೀಕ್ಷೆ ಹೊತ್ತಿಗೆ ಇಳಿಸದಿದ್ರೆ ನಾನು ಸಹಿ ಹಾಕೋದಿಲ್ಲ. ಕರಿದದ್ದು ಬಂದ್. ಎಣ್ಣೆ ಅರ್ಧಕ್ಕಿಂತ ಕಡಿಮೆ."

ಅವನು ಬೇರೆ ಎಲ್ಲವನ್ನೂ ಬಿಡಬಲ್ಲವನಾಗಿದ್ದ. ಬೆಣ್ಣೆ ಬಿಟ್ಟ, ಕೆನೆ ಬಿಟ್ಟ, ಮೊಟ್ಟೆಯ ಹಳದಿ ಬಿಟ್ಟ, ಸಿಹಿ ಬಿಟ್ಟ. ಬಿಡಲಾಗದ್ದು ಹುರಿದ ಆಲೂಗಡ್ಡೆ. ಅಂಚು ಕೆಂಪಾದ, ನಡುವೆ ಮೆತ್ತಗಿರುವ, ಉಪ್ಪು ಉದುರಿಸಿದ ಆಲೂಗಡ್ಡೆ ತಟ್ಟೆಯಲ್ಲಿಲ್ಲದೆ ಅವನಿಗೆ ಊಟ ಊಟವಾಗಿರಲಿಲ್ಲ. ಬೇಯಿಸಿದ ಆಲೂಗಡ್ಡೆಯನ್ನು ಬಡಿಸಿದ ಮೊದಲ ದಿನ ಅವನು ಅದನ್ನು ಚಮಚದಿಂದ ಒತ್ತಿ ನೋಡಿ, "ಇದಕ್ಕೆ ಏನು ಕಾಯಿಲೆ?" ಎಂದು ಕೇಳಿದ್ದ. ಒಂದು ವಾರ ನಗುತ್ತ ತಿಂದ. ಎರಡನೇ ವಾರ ಮಾತಿಲ್ಲದೆ ತಿಂದ. ಮೂರನೇ ವಾರ ಅರ್ಧ ಬಿಟ್ಟು ಎದ್ದ. ಕೆಲಸದಿಂದ ಬಂದವನು ಗೋಡೆ ನೋಡುತ್ತ ಕೂರುವುದನ್ನು ಎಣ್ಣೆಯಕ್ಕನಿಂದ ನೋಡಲಾಗಲಿಲ್ಲ.

ಆಕೆಗೆ ಬಿಳಿ ಎಣ್ಣೆ ನೆನಪಾದದ್ದು ಆಗ.

ಅದು ಬೀಜ ಹಿಂಡಿ ತೆಗೆದ ಎಣ್ಣೆಯಲ್ಲ. ನೆಲದಡಿಯ ಕಲ್ಲೆಣ್ಣೆಯನ್ನು ಮತ್ತೆ ಮತ್ತೆ ಶುದ್ಧಿ ಮಾಡಿ, ಬಣ್ಣ, ವಾಸನೆ, ರುಚಿ ಮೂರನ್ನೂ ಕಳೆದದ್ದು. ಔಷಧದಂಗಡಿಯಲ್ಲಿ ಇದರ ತಮ್ಮನನ್ನು ಮಲಬದ್ಧತೆಗೆ ಮಾರುತ್ತಾರೆ. ಬ್ರೆಡ್ ಕಾರ್ಖಾನೆಯಲ್ಲಿ ಹಿಟ್ಟು ಅಲಗಿಗೆ ಅಂಟದಿರಲೆಂದು ಹಾಕುತ್ತಾರೆ. ಒಂದೋ ಎರಡೋ ತೊಟ್ಟು ಹಿಟ್ಟಿಗೆ ತಗುಲಿದರೂ ತೊಂದರೆಯಿಲ್ಲವೆಂದು ಡಬ್ಬದ ಮೇಲೆಯೇ ಅಚ್ಚಾಗಿರುತ್ತದೆ. ಎಣ್ಣೆ ಸರಬರಾಜು ಮಾಡುವವನು ಹೊಸ ಡಬ್ಬದ ಜೊತೆ ಬಂದಿದ್ದಾಗ ಆಕೆ ಒಮ್ಮೆ ಕೇಳಿದ್ದಳು: "ಇದು ಹೊಟ್ಟೆಗೆ ಹೋದ್ರೆ ಏನಾಗತ್ತೆ?"

"ಏನೂ ಆಗೋಲ್ಲಕ್ಕಾ. ಹೋದ ಹಾಗೇ ಹೊರಗೆ ಬರತ್ತೆ. ಮೈಗೆ ಹತ್ತೋದೇ ಇಲ್ಲ."

ಅವನು ಹೇಳಿದ್ದು ತೊಟ್ಟಿನ ಲೆಕ್ಕ. ಆಕೆಯ ಮನಸ್ಸಿನಲ್ಲಿ ಉಳಿದದ್ದು ಕೊನೆಯ ಮೂರು ಪದ. ಮೈಗೆ ಹತ್ತದ ಎಣ್ಣೆ! ಡಬ್ಬದ ತಳದಲ್ಲಿ ಉಳಿಯುವ ಎಣ್ಣೆಯನ್ನು ಕಸದ ಪೀಪಾಯಿಗೆ ಸುರಿಯುವುದು ಆಕೆಯದೇ ಕೆಲಸ. ಸುರಿಯುವುದನ್ನು ಶೀಸೆಗೆ ತುಂಬಿಕೊಂಡರೆ ಅದು ಕಳ್ಳತನವಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಹಾಗೆ ಹೇಳಿಕೊಳ್ಳಬೇಕಾಗಿ ಬಂದದ್ದೇ ಮೊದಲ ಮುಜುಗರ. ಅದನ್ನು ಆಕೆ ಗಮನಿಸಲಿಲ್ಲ.

ಮೊದಲು ತಾನೇ ತಿಂದು ನೋಡಿದಳು. ಏನೂ ಆಗಲಿಲ್ಲ. ಮರುದಿನ ಅವನು ಬರುವ ಮುಂಚೆ, ಸಣ್ಣ ಉರಿಯಲ್ಲಿ ಆಲೂಗಡ್ಡೆ ಹುರಿದು ಮುಚ್ಚಿಟ್ಟಳು. ತಟ್ಟೆ ತೆರೆದಾಗ ಗಂಡನ ಮುಖದಲ್ಲಿ ಮೂಡಿದ್ದನ್ನು ನೋಡಲು ಆಕೆ ಇನ್ನೂ ದೊಡ್ಡ ಸುಳ್ಳನ್ನಾದರೂ ಹೇಳುತ್ತಿದ್ದಳೇನೋ.

"ಇದೇನೇ! ಡಾಕ್ಟರಮ್ಮ ಬೈಯೋಲ್ವಾ?"

"ಹೊಸ ಬಾಣಲೆ ತಂದಿದೀನಿ ಕಣ್ರೀ. ಎಣ್ಣೆಯೇ ಬೇಡವಂತೆ."

"ಮತ್ತೆ ಹೊಳೀತಿದೆ?"

"ಬಾಣಲೆ ಹೊಳಪು ಅದು."

ಬಾಣಲೆಯ ಹೊಳಪು ಆಲೂಗಡ್ಡೆಗೆ ಹೇಗೆ ಬಂತೆಂದು ಅವನು ಕೇಳಲಿಲ್ಲ. ನಂಬಬೇಕೆಂದಿದ್ದ, ನಂಬಿದ. ಅಂದಿನಿಂದ ಪ್ರತಿದಿನ ಆಲೂಗಡ್ಡೆ, ಇಲ್ಲವೆ ಬೇರೆ ತರಕಾರಿ, ಎಲ್ಲವೂ ಅದೇ ಎಣ್ಣೆಯಲ್ಲಿ. ಮನೆಯಲ್ಲಿ ಇದ್ದವರು ಇವರಿಬ್ಬರೇ. ಆಕೆಗೆ ಮಾತ್ರ ಹುರಿದದ್ದು ಅಷ್ಟಾಗಿ ಸೇರುತ್ತಿರಲಿಲ್ಲ. ಕ್ಯಾಂಟೀನಿನಲ್ಲಿ ಉಂಡು ಬರುತ್ತಿದ್ದಳು.

ತೂಕ ಇಳಿಯಿತು. ರಕ್ತದಲ್ಲಿನ ಕೊಬ್ಬೂ ಇಳಿಯಿತು. ಮುಂದಿನ ಪರೀಕ್ಷೆಗೆ ಡಾಕ್ಟರಮ್ಮ ಕಾರ್ಖಾನೆಗೇ ಬಂದಿದ್ದರು. ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಎಲ್ಲರ ಮುಂದೆ ಅವನನ್ನು ನಿಲ್ಲಿಸಿ, "ನೋಡ್ರಪ್ಪಾ, ಮನಸ್ಸು ಮಾಡಿದ್ರೆ ಹೀಗೂ ಆಗತ್ತೆ," ಎಂದರು. ಆಮೇಲೆ ಎಣ್ಣೆಯಕ್ಕನ ಕಡೆ ತಿರುಗಿದರು. "ಇದು ಇವರ ಸಾಧನೆ ಅಲ್ಲ, ನಿಮ್ಮದು. ಅಡುಗೆಗೆ ದಿನಕ್ಕೆ ಎಷ್ಟು ಚಮಚ ಎಣ್ಣೆ ಹಾಕ್ತೀರಿ?"

ಆಕೆ ಎದ್ದು ನಿಂತು ಉತ್ತರ ಹೇಳಿದಳು. ಹಿಂದಿನ ಮೇಜಿನವರಿಗೂ ಕೇಳಲಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದಳು. ಚಪ್ಪಾಳೆ ಬಿತ್ತು.

ಪ್ಯಾಕಿಂಗ್ ವಿಭಾಗದ ಗುಂಗುರು ಕೂದಲಿನ ಹೆಂಗಸೊಬ್ಬಳು, ಎಲ್ಲರ ಬಾಯಲ್ಲಿ ಬರಿಯ ಗುಂಗುರು, ಹೊಸ ಬಾಣಲೆಯ ಕಥೆ ಕೇಳಿ ಅದೇ ವಾರ ಅಂಥದೇ ಒಂದು ಕೊಂಡಳು. ಅವಳ ಆಲೂಗಡ್ಡೆ ತಳ ಹಿಡಿದು ಇದ್ದಿಲಾಯಿತು. "ಅಕ್ಕಾ, ನಿಮ್ಮ ಬಾಣಲೆಗೆ ಏನು ಮಂತ್ರ ಹಾಕಿದೀರಿ, ನಮಗೂ ಸ್ವಲ್ಪ ಹೇಳಿ," ಎಂದು ಕೇಳಿದಳು.

"ಉರಿ ಸಣ್ಣದಾಗಿ ಇಡು," ಎಂದಳು ಎಣ್ಣೆಯಕ್ಕ. ಗುಂಗುರು ಉರಿ ಸಣ್ಣದಾಗಿ ಇಟ್ಟು ಇನ್ನೊಂದು ಬಾಣಲೆ ಸುಟ್ಟಳು.

*

ದೇಹ ತಕ್ಷಣ ದೂರು ಹೇಳಲಿಲ್ಲ. ಮೊದಲು ಬಂದದ್ದು ಚಿಕ್ಕಪುಟ್ಟವು. ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ. ಬ್ರೆಡ್ಡಿನ ಟ್ರೇ ತಗುಲಿದಲ್ಲೆಲ್ಲ ತೋಳಿನ ಮೇಲೆ ನೀಲಿ ಕಲೆ. "ಏನ್ರೀ ಇದು, ಯಾರ ಜೊತೆ ಜಗಳ ಆಡಿದಿರಿ?" ಎಂದು ಕೇಳಿದರೆ, "ಟ್ರೇ ಜೊತೆ," ಎನ್ನುತ್ತಿದ್ದ. ಮೆಟ್ಟಿಲು ಹತ್ತುವಾಗ ತೊಡೆಯಲ್ಲಿ ನೋವು. ವಯಸ್ಸಾಯಿತಲ್ಲ ಎಂದುಕೊಂಡರು.

ಇದೇ ಹೊತ್ತಿಗೆ ಅವನು ತನ್ನ ಚಡ್ಡಿ ಪ್ಯಾಂಟುಗಳನ್ನು ತಾನೇ ಒಗೆಯಲು ತೊಡಗಿದ. ಮದುವೆಯಾದಾಗಿನಿಂದ ಒಂದು ಕರ್ಚೀಫನ್ನೂ ಒಗೆಯದವನು ಬೆಳಿಗ್ಗೆ ಎದ್ದು ಬಚ್ಚಲಲ್ಲಿ ಬಟ್ಟೆ ತಿಕ್ಕುವುದನ್ನು ಕಂಡು ಎಣ್ಣೆಯಕ್ಕ ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಳು. "ತೂಕ ಇಳಿದ ಮೇಲೆ ನಮ್ಮನೆಯವರಿಗೆ ಬುದ್ಧಿ ಬಂದಿದೆ." ಅವನು ಮಾತ್ರ ತಲೆ ಎತ್ತದೆ ತಿಕ್ಕುತ್ತಿದ್ದ.

ಆಮೇಲೆ ಕಣ್ಣು. ದೀಪ ಹಚ್ಚುವ ಹೊತ್ತಿಗಿಂತ ಮುಂಚೆಯೇ ಅವನು ಮನೆಯ ಎಲ್ಲ ಕೋಣೆಗಳ ದೀಪ ಹಾಕುತ್ತಿದ್ದ. ಒಮ್ಮೆ ಸಂಜೆ ಹೊತ್ತು ಬೀದಿಯಲ್ಲಿ ಚರಂಡಿಯ ಅಂಚು ತಪ್ಪಿ ಕಾಲು ಉಳುಕಿಸಿಕೊಂಡ. ಬೆಳಗಿನ ಜಾವದ ಸರದಿಯನ್ನು ಇನ್ನೊಬ್ಬ ಚಾಲಕನಿಗೆ ಬಿಟ್ಟುಕೊಟ್ಟು ಹಗಲಿನದ್ದು ತೆಗೆದುಕೊಂಡ. "ಕಣ್ಣು ಉರಿಯತ್ತೆ ಕಣೇ," ಎಂದಷ್ಟೇ ಹೆಂಡತಿಗೆ ಹೇಳಿದ. ಹೇಳಿದರೆ ವ್ಯಾನು ಹೋಗುತ್ತದೆಂಬ ಭಯಕ್ಕೆ ಉಳಿದದ್ದನ್ನು ನುಂಗಿಕೊಂಡ. ಕಣ್ಣಿಗೆ ಒಳ್ಳೆಯದೆಂದು ಆಕೆ ದಿನವೂ ಗಜ್ಜರಿ ಮಾಡತೊಡಗಿದಳು. ಅದನ್ನೂ ತೆಳ್ಳಗೆ ಹೆಚ್ಚಿ, ಅದೇ ಬಾಣಲೆಯಲ್ಲಿ, ಅದೇ ಎಣ್ಣೆಯಲ್ಲಿ.

ಆ ಸಂಜೆ ದಾರಿಯಲ್ಲಿ ವಾಹನಗಳು ಸಾಲುಗಟ್ಟಿ ನಿಂತಿದ್ದರಿಂದ ಅವನಿಗೆ ತಡವಾಯಿತು. ಗೇಟಿನ ಹತ್ತಿರ ಬರುವಷ್ಟರಲ್ಲಿ ಚಳಿಗಾಲದ ಮಬ್ಬು. ಗೇಟಿನ ದೀಪ ಹಾಕುವುದು ಆರಕ್ಕೆ. ಉಳಿದದ್ದನ್ನು ಮೇಲೆ ಹೇಳಿಯಾಗಿದೆ.

*

ಡಾಕ್ಟರಮ್ಮನ ಕೋಣೆ ಚಿಕ್ಕದು. ಒಂದು ಮೇಜು, ಪರದೆಯ ಹಿಂದೆ ಮಂಚ, ತೂಕದ ಯಂತ್ರ, ಕಿಟಕಿಗೆ ದಪ್ಪ ಪರದೆ. ಅವರು ಗಂಡನ ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು. ಆಮೇಲೆ ದೀಪ ಆರಿಸಿ, ಪರದೆ ಎಳೆದು, "ಬಾಗಿಲ ಹತ್ರ ಒಂದು ಬಿಳಿ ಬಕೆಟ್ ಇದೆ. ಕಂಡ ತಕ್ಷಣ ಹೇಳಿ," ಎಂದರು.

ಎಣ್ಣೆಯಕ್ಕನಿಗೆ ಕಣ್ಣು ಹೊಂದಿಕೊಂಡು ಬಕೆಟ್ಟು ಕಂಡಿತು. ಅದರ ಹಿಡಿಕೆ ಕಂಡಿತು. ಪಕ್ಕದಲ್ಲಿದ್ದ ಪೊರಕೆಯೂ ಕಂಡಿತು. ಗಂಡ ಸುಮ್ಮನೆ ಕುಳಿತಿದ್ದ.

"ಕಾಣ್ತಾ?"

"ಇನ್ನೂ ಇಲ್ಲ ಡಾಕ್ಟ್ರೇ. ಸ್ವಲ್ಪ ತಾಳಿ," ಎಂದ ಅವನು, ತಪ್ಪು ತನ್ನದೇ ಎಂಬಂತೆ.

ದೀಪ ಹಾಕಿದರು. "ಇದು ಇರುಳುಗುರುಡು," ಎಂದರು. "ಎ ವಿಟಮಿನ್ ಕಡಿಮೆಯಾದ್ರೆ ಬರತ್ತೆ. ಕಣ್ಣಿನ ಬಿಳಿಯಲ್ಲಿ ಒಣ ಮಚ್ಚೆನೂ ಇದೆ." ತೋಳಿನ ನೀಲಿ ಕಲೆಗಳನ್ನು ಒತ್ತಿ ನೋಡಿದರು. "ರಕ್ತ ಹೆಪ್ಪುಗಟ್ಟೋಕೆ ಕೆ ಬೇಕು. ಅದೂ ಕಡಿಮೆ ಇದ್ದ ಹಾಗಿದೆ. ತೊಡೆ ನೋವು ಅಂತೀರಿ, ಅದು ಡಿ ಇರಬಹುದು. ಎಲ್ಲಾ ಕೊಬ್ಬಿನಲ್ಲಿ ಕರಗೋ ವಿಟಮಿನ್ನುಗಳೇ. ಒಂದು ಕಡಿಮೆಯಾದ್ರೆ ಊಟದ ದೋಷ ಅನ್ನಬಹುದು. ಎಲ್ಲಾ ಒಟ್ಟಿಗೆ ಹೋಗಿದೆ ಅಂದ್ರೆ ಕರುಳು ಕೊಬ್ಬನ್ನ ಹೀರ್ತಾ ಇಲ್ಲ ಅಂತ." ಸ್ವಲ್ಪ ತಡೆದು ಕೇಳಿದರು. "ಬಹಿರ್ದೆಸೆಗೆ ಹೋದಾಗ ಎಣ್ಣೆ ಎಣ್ಣೆ ಹೋಗತ್ತಾ?"

ಅವನು ಹೆಂಡತಿಯ ಕಡೆ ನೋಡಿದ. "ನೀನು ಸ್ವಲ್ಪ ಹೊರಗೆ ಇರ್ತೀಯಾ?"

"ಯಾಕ್ರೀ? ನನ್ನ ಮುಂದೆ ಏನು?"

ಅವನು ನೆಲ ನೋಡುತ್ತ ಹೇಳಿದ. "ಹೋಗತ್ತೆ ಡಾಕ್ಟ್ರೇ. ಒಂದು ವರ್ಷದ ಮೇಲಾಯ್ತು. ಗೊತ್ತಾಗದ ಹಾಗೇನೇ ಹೋಗ್ಬಿಡತ್ತೆ. ಬಟ್ಟೆಯೆಲ್ಲ... ಸೀಟಿನ ಮೇಲೆ ನಾನು ಪ್ಲಾಸ್ಟಿಕ್ ಹಾಕ್ಕೊಂಡು ಕೂರ್ತೀನಿ." ಮುಖ ಇನ್ನೂ ಕೆಳಗಾಯಿತು. "ಇವಳಿಗೆ ಗೊತ್ತಾಗಬಾರದು ಅಂತ ನಾನೇ ಒಗೀತಿದ್ದೆ."

ಎಣ್ಣೆ ಸರಬರಾಜಿನವನ ಮಾತು ಎಣ್ಣೆಯಕ್ಕನಿಗೆ ನೆನಪಾಯಿತು. ಹೋದ ಹಾಗೇ ಹೊರಗೆ ಬರತ್ತೆ. ಬಚ್ಚಲಿನಲ್ಲಿ ಬಗ್ಗಿ ಕುಳಿತ ಬೆನ್ನು, ಬುದ್ಧಿ ಬಂದಿದೆ ಎಂದು ತಾನು ಬೀದಿಯಲ್ಲಿ ಹಂಚಿದ ನಗು, ಎರಡೂ ಒಟ್ಟಿಗೆ ಕಣ್ಣ ಮುಂದೆ ಬಂದವು.

"ಹೊಟ್ಟೆಯ ಹಿಂದೆ ಮೇದೋಜೀರಕ ಅಂತ ಒಂದು ಗ್ರಂಥಿ ಇರತ್ತೆ," ಎಂದರು ಡಾಕ್ಟರಮ್ಮ, ಮೆತ್ತಗೆ. "ಕೊಬ್ಬು ಜೀರ್ಣ ಮಾಡೋ ರಸ ಅಲ್ಲಿಂದ ಬರಬೇಕು. ಅಲ್ಲೇನಾದ್ರೂ ಬೆಳೆದು ಅಡ್ಡ ಕೂತಿದೆಯಾ ಅಂತ ನೋಡಿಸಲೇಬೇಕು. ದೊಡ್ಡ ಆಸ್ಪತ್ರೆಗೆ ಕಳಿಸ್ತೀನಿ. ಹೆದರಬೇಡಿ, ಆದ್ರೆ ತಡ ಮಾಡಬೇಡಿ. ಅಂದ ಹಾಗೆ ಊಟದಲ್ಲಿ ಎಣ್ಣೆ ಎಷ್ಟು ಈಗ?"

ಆಕೆ ಬಾಯಿ ತೆರೆದಳು. ನಾಲಿಗೆ ಹೊರಳುವ ಮೊದಲೇ ಗಂಡ ಹೇಳಿದ. ದನಿಯಲ್ಲಿ ಆ ಹೊತ್ತಿನಲ್ಲೂ ಒಂದಿಷ್ಟು ಹೆಮ್ಮೆಯಿತ್ತು. "ಅದೇ ಡಾಕ್ಟ್ರೇ, ಅವತ್ತು ಕ್ಯಾಂಟೀನಲ್ಲಿ ಇವಳು ಹೇಳಿದಷ್ಟೇ. ಒಂದು ತೊಟ್ಟೂ ಹೆಚ್ಚಿಲ್ಲ. ಇವಳು ಅಷ್ಟು ಕಟ್ಟುನಿಟ್ಟು."

ಹೇಳಲು ಅದಕ್ಕಿಂತ ಸರಿಯಾದ ಜಾಗ ಇರಲಿಲ್ಲ. ಕೇಳುವವರು ಎದುರಿಗಿದ್ದರು. ಬಾಗಿಲು ಮುಚ್ಚಿತ್ತು. ಆದರೂ ಎಣ್ಣೆಯಕ್ಕ ಹೇಳಲಿಲ್ಲ.

*

ಬಸ್ಸಿನಲ್ಲಿ ಬರುವಾಗ ಅವನು ಕಿಟಕಿ ಕಡೆ ಕೂತಿದ್ದ. "ನಮ್ಮಪ್ಪ ಹೋದದ್ದೂ ಹೊಟ್ಟೆ ಕಾಯಿಲೆಯಲ್ಲೇ," ಎಂದ. ಸ್ವಲ್ಪ ದೂರ ಹೋದ ಮೇಲೆ, "ಗೇಟಿನಜ್ಜನಿಗೆ ಒಂದು ಒಳ್ಳೆ ಸ್ಟೂಲು ಮಾಡಿಸಿ ಕೊಡು. ಬೆನ್ನು ಇರೋದು," ಎಂದ. ಇನ್ನೂ ಸ್ವಲ್ಪ ದೂರ ಹೋದ ಮೇಲೆ ಹೆಂಡತಿಯ ಮೊಣಕೈ ಮುಟ್ಟಿ, "ನೀನು ನನಗಾಗಿ ಎಷ್ಟು ಮಾಡಿದೆ. ನನ್ನ ಹೊಟ್ಟೆಯೇ ಸರಿಯಿಲ್ಲದಿದ್ರೆ ನೀನೇನು ಮಾಡ್ತೀಯಾ," ಎಂದ.

ಬೈದಿದ್ದರೆ ಆಕೆ ಇನ್ನೊಂದು ದಿನ ತಡೆದುಕೊಳ್ಳುತ್ತಿದ್ದಳೇನೋ. ಈ ಮಾತನ್ನು ತಡೆದುಕೊಳ್ಳಲಾಗಲಿಲ್ಲ.

ಮನೆಗೆ ಬಂದವಳು ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ಹೋದಳು. ಹಗಲು ಬೆಳಕು ಇನ್ನೂ ಚೆನ್ನಾಗಿತ್ತು. "ಇಲ್ಲಿ ಬನ್ನಿ," ಎಂದು ಕರೆದಳು. ಅವನು ಬಂದು ಬಾಗಿಲಲ್ಲಿ ನಿಂತ. ಆಕೆ ಒಲೆ ಹಚ್ಚಲಿಲ್ಲ. ಬಾಣಲೆ ಇಟ್ಟು, ಸೋಪಿನ ಪುಡಿಯ ಡಬ್ಬಗಳ ಹಿಂದಿನಿಂದ ಶೀಸೆ ತೆಗೆದು, ಅವನ ಕಣ್ಣೆದುರಿಗೆ ಸುರಿದಳು. ನೀರಿನಷ್ಟು ತಿಳಿಯಾದ ಎಣ್ಣೆ ಬಾಣಲೆಯ ತಳದಲ್ಲಿ ನಿಧಾನವಾಗಿ ಹರಡಿಕೊಂಡಿತು.

"ಏನದು?"

"ನಿಮ್ಮ ಆಲೂಗಡ್ಡೆ ಹುರೀತಿದ್ದದ್ದು."

"ಎಣ್ಣೆಯೇ ಇಲ್ಲ ಅಂದಿದ್ದೆ?"

"ಸುಳ್ಳು ಹೇಳಿದ್ದೆ ಕಣ್ರೀ."

ಅವನು ಬೆರಳು ಅದ್ದಿ ಮೂಸಿದ. ವಾಸನೆಯಿಲ್ಲ. "ಯಾವ ಎಣ್ಣೆ?"

"ಕಾರ್ಖಾನೇದು."

"ಮೆಷಿನ್ನಿಗೆ ಬಿಡೋದಾ?"

"ಹೂಂ."

"ಯಾವ ಮೆಷಿನ್ನು?" ಎಂದು ಕೇಳಿದ, ಅದರಿಂದ ಏನೋ ವ್ಯತ್ಯಾಸವಾಗುತ್ತದೆ ಎಂಬಂತೆ.

"ಹಿಟ್ಟು ತುಂಡು ಮಾಡೋದು."

ಆಕೆ ಎಲ್ಲವನ್ನೂ ಹೇಳಿದಳು. ಮೈಗೆ ಹತ್ತದ ಎಣ್ಣೆಯೆಂದು ನಂಬಿದ್ದು, ಶೀಸೆ ತುಂಬಿಕೊಂಡದ್ದು, ಗುಂಗುರುವಿನ ಬಾಣಲೆ ಸುಟ್ಟದ್ದು, ಇವತ್ತು ಡಾಕ್ಟರಮ್ಮನ ಮುಂದೆ ಬಾಯಿ ಬರದೇ ಹೋದದ್ದು. "ನಿಮ್ಮ ಹೊಟ್ಟೆಯಲ್ಲಿ ಏನೂ ಬೆಳೆದಿಲ್ಲ. ನಾನು ಹಾಕಿದ್ದೇ ಹಾಕಿದ ಹಾಗೆ ಹೊರಗೆ ಬಂದಿದೆ," ಎಂದಳು.

ಅವನು ಅಡುಗೆಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟ. ಮುಖದಲ್ಲಿ ಮೊದಲು ಕಂಡದ್ದು ಬಿಡುಗಡೆ. ಸಾಯುವುದಿಲ್ಲ ಎಂದು ತಿಳಿದವನ ಮುಖ ಹೇಗಿರುತ್ತದೆಂದು ಆಕೆ ಅಂದು ನೋಡಿದಳು. ಅದು ಸ್ವಲ್ಪವೇ ಹೊತ್ತು ಇತ್ತು. ಆಮೇಲೆ ಅವನು ಕೇಳಿದ್ದು ಎಣ್ಣೆಯ ಬಗ್ಗೆ ಅಲ್ಲ.

"ನಿನ್ನೆ ಅಷ್ಟು ಜನರ ಮುಂದೆ ನನ್ನ ಬಾಯಿ ಮೂಸಿದೆಯಲ್ಲ. ಆಗಲೂ ನಿನಗೆ ಗೊತ್ತಿತ್ತಾ?"

"ಇಲ್ಲ ಕಣ್ರೀ! ನಿಮ್ಮಾಣೆ ಗೊತ್ತಿರ್ಲಿಲ್ಲ. ಕುಡಿದಿಲ್ಲ ಅಂತ ತೋರ್ಸೋಣ ಅಂತ..."

"ಕುಡಿದಿದೀನೇನೋ ಅಂತ ನಿನಗೂ ಅನ್ನಿಸ್ತು. ಅದಕ್ಕೇ ಮೂಸಿದೆ."

ಆಕೆ ಇಲ್ಲ ಎನ್ನಲಿಲ್ಲ. ಒಂದು ಗಳಿಗೆ ಅನ್ನಿಸಿದ್ದು ನಿಜ.

"ನಾಲ್ಕು ಜನರ ಮುಂದೆ ನನ್ನ ಬಾಯಿ ತೆಗೆಸಿದೆ," ಎಂದ ಅವನು. "ಈಗ ಅದೇ ನಾಲ್ಕು ಜನರ ಮುಂದೆ ನಿನ್ನ ಬಾಯಿ ನೀನು ತೆಗಿ."

*

ಮರುದಿನ ಬೆಳಿಗ್ಗೆ ಮೊದಲು ಡಾಕ್ಟರಮ್ಮನಲ್ಲಿಗೆ ಹೋದರು. ಆಕೆ ಹೇಳುತ್ತಿದ್ದಂತೆ ಅವರು ಪೆನ್ನು ಕೆಳಗಿಟ್ಟರು. ಆಮೇಲೆ ಅವನ ಕಡೆ ತಿರುಗಿ, ಅವನಿಗೆ ಅರ್ಥವಾಗುವ ಮಾತಿನಲ್ಲಿ ಹೇಳಿದರು.

"ಎ, ಡಿ, ಇ, ಕೆ. ಈ ನಾಲ್ಕು ನೀರಿನಲ್ಲಿ ಕರಗೋಲ್ಲ. ಎಣ್ಣೆ ಅನ್ನೋ ಗಾಡಿ ಹತ್ತಿಯೇ ಬರಬೇಕು. ಸಾಮಾನ್ಯ ಎಣ್ಣೆ ಕರುಳಿನಲ್ಲಿ ನಿಲ್ಲತ್ತೆ, ಇವನ್ನ ಇಳಿಸತ್ತೆ, ತಾನೂ ಇಳಿಯತ್ತೆ. ನೀವು ತಿಂದದ್ದು ಯಾವ ನಿಲ್ದಾಣದಲ್ಲೂ ನಿಲ್ಲದ ಗಾಡಿ. ನಾಲ್ಕೂ ಹತ್ತಿದವು. ನೇರ ಹೊರಗೆ ಹೋದವು. ಗಜ್ಜರಿಯಲ್ಲಿ ಇದ್ದದ್ದೂ ಹಾಗೇ. ಜೊತೆಗೆ ನೀವು ಬೆಣ್ಣೆ, ಮೊಟ್ಟೆ ಎಲ್ಲಾ ಬಿಟ್ಟಿದ್ರಿ. ಹತ್ತೋಕೂ ಹೆಚ್ಚಿಗೆ ಇರಲಿಲ್ಲ."

"ಮತ್ತೆ ಒಂದು ವರ್ಷ ಚೆನ್ನಾಗೇ ಕಾಣ್ತಿತ್ತಲ್ಲ ಡಾಕ್ಟ್ರೇ?"

"ಎ ವಿಟಮಿನ್ನನ್ನ ಲಿವರ್ ಕೂಡಿಟ್ಟುಕೊಂಡಿರತ್ತೆ. ಅಲ್ಲಿಂದ ತೆಗೆದು ತೆಗೆದು ಖರ್ಚು ಮಾಡಿದೀರಿ. ಮುಗಿದ ದಿನ ಕಂಬ ಕಾಣ್ಲಿಲ್ಲ." ಗುಳಿಗೆ ಬರೆದು ಕೊಡುತ್ತ ಎಣ್ಣೆಯಕ್ಕನ ಕಡೆ ನೋಡಿದರು. "ಬೇಗ ವಾಸಿಯಾಗಲಿ ಅಂತ ಒಂದಕ್ಕೆ ಎರಡು ನುಂಗಿಸಬೇಡಿ. ನೀರಿನಲ್ಲಿ ಕರಗೋದಾದ್ರೆ ಹೆಚ್ಚಾದದ್ದು ಬಹಳಷ್ಟು ಮೂತ್ರದಲ್ಲಿ ಹೋಗತ್ತೆ. ಇವು ಹೋಗೋಲ್ಲ. ಒಳಗೇ ಕೂತು, ಹೆಚ್ಚಾದ್ರೆ ಲಿವರನ್ನೇ ಕೆಡಿಸ್ತವೆ. ನಿಮಗೆ ಇದನ್ನ ಎರಡು ಸಲ ಹೇಳ್ಬೇಕು."

ಎರಡು ಸಲ ಹೇಳಿದರು. ಆಕೆ ಎರಡೂ ಸಲ ತಲೆಯಾಡಿಸಿದಳು. ಅನುಮಾನ ಪೂರ್ತಿ ಹೋಗಲೆಂದು ಒಂದು ರಕ್ತ ಪರೀಕ್ಷೆ ಬರೆದರು. ದೊಡ್ಡ ಆಸ್ಪತ್ರೆಯ ಮಾತು ಸದ್ಯಕ್ಕೆ ಬಿಟ್ಟರು.

ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎಣ್ಣೆಯಕ್ಕ ಎದ್ದು ನಿಂತಳು. ಅದೇ ಮೇಜು, ಅದೇ ಜಾಗ. ಗಂಡ ಬಾಗಿಲ ಹತ್ತಿರ ನಿಂತಿದ್ದ. ಆಕೆ ಹೇಳಿದ್ದು ಚಿಕ್ಕದು. ಹೊಸ ಬಾಣಲೆಯ ಕಥೆ ಸುಳ್ಳೆಂದೂ, ಯಂತ್ರದ ಎಣ್ಣೆಯಲ್ಲಿ ಹುರಿದು ಹಾಕಿದ್ದರಿಂದ ಅವನ ಕಣ್ಣು ಹೋಯಿತೆಂದೂ, ಅವನು ಹನಿ ಕುಡಿದವನಲ್ಲವೆಂದೂ, ಎಲ್ಲರ ಮುಂದೆ ತಾನು ಅವನ ಬಾಯಿ ಮೂಸಿದ್ದು ತಪ್ಪೆಂದೂ ಹೇಳಿದಳು. ಬಟ್ಟೆಯ ವಿಷಯ ಹೇಳಲಿಲ್ಲ. ಅದು ಅವನದು.

ಮೊದಲು ಗೇಟಿನಜ್ಜನೇ ಬಾಯಿಬಿಟ್ಟ.

"ಅಂದ್ರೆ ನನ್ನ ಸ್ಟೂಲು ಮುರಿದದ್ದು ಆಲೂಗಡ್ಡೆಯಾ?"

ನಗು ಸಿಡಿಯಿತು. ಬಾಗಿಲಲ್ಲಿ ನಿಂತಿದ್ದ ಗಂಡನೂ ನಕ್ಕ. ಅಜ್ಜ ಎದ್ದು ಹೋಗಿ ಅವನ ಭುಜ ಹಿಡಿದು, "ಕುಡುಕ ಅಂದ್ಬಿಟ್ಟೆ ಕಣಯ್ಯಾ. ಮನಸ್ಸಿಗೆ ಹಚ್ಚಿಕೋಬೇಡ," ಎಂದ. ಗುಂಗುರು ಮಾತ್ರ ನಗಲಿಲ್ಲ. "ನಾನು ನಮ್ಮತ್ತೆ ಹತ್ರ ಎಷ್ಟು ಅನ್ನಿಸ್ಕೊಂಡೆ ಗೊತ್ತಾ ಅಕ್ಕಾ," ಎಂದಳು. "ಆ ಅಕ್ಕನಿಗೆ ಬರೋದು ನಿನಗೆ ಯಾಕೆ ಬರೋಲ್ಲ ಅಂತ." ತಟ್ಟೆ ಎತ್ತಿಕೊಂಡು ಬೇರೆ ಮೇಜಿಗೆ ಹೋದಳು.

ಮ್ಯಾನೇಜರ್ ಕೆಲಸದಿಂದ ತೆಗೆಯಲಿಲ್ಲ. ಡಬ್ಬದ ತಳದ ಎಣ್ಣೆಯನ್ನು ಇನ್ನು ಮುಂದೆ ಇನ್ನೊಬ್ಬರು ನೋಡುವಂತೆ ಪೀಪಾಯಿಗೆ ಸುರಿಯಬೇಕೆಂದರು. ಪ್ರತಿ ಸಲ ಆಕೆ ಡಬ್ಬ ಬಗ್ಗಿಸಿದಾಗ ಪಕ್ಕದಲ್ಲಿ ಒಬ್ಬರು ನಿಂತು ನೋಡುತ್ತಾರೆ. ಅಷ್ಟು ಸಾಕಾಗಿತ್ತು.

ಕೆಲವೇ ವಾರಗಳಲ್ಲಿ ಅವನಿಗೆ ಮಬ್ಬಿನಲ್ಲಿ ಕಾಣತೊಡಗಿತು. ನೀಲಿ ಕಲೆಗಳು ಹಳದಿಗೆ ತಿರುಗಿ ಮಾಯವಾದವು. ಡಾಕ್ಟರಮ್ಮ ಪರದೆ ಎಳೆದು ಮತ್ತೆ ಕೇಳಿದಾಗ, "ಬಕೆಟ್ಟು, ಪೊರಕೆ, ಜೊತೆಗೆ ಒಂದು ಚಪ್ಪಲಿ," ಎಂದ. ಬೀಗದಕೈ ವಾಪಸು ಬಂತು. ಗೇಟಿನಜ್ಜನ ಹೊಸ ಸ್ಟೂಲಿಗೆ ಬೆನ್ನಿತ್ತು. ಅದನ್ನು ಅವನು ಕಂಬದಿಂದ ದೂರ ಇಟ್ಟುಕೊಂಡ.

ಮನೆಯಲ್ಲಿ ಈಗ ಅಂಗಡಿಯ ಎಣ್ಣೆ. ಬಹಳ ದಿನ ಅವನೇ ಚಮಚ ಹಿಡಿದು, ಬೆಳಕಿಗೆ ಎತ್ತಿ ನೋಡಿ, ಬಾಣಲೆಗೆ ಹಾಕುತ್ತಿದ್ದ. ಆಕೆ ಪಕ್ಕದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದಳು. ಒಂದು ಸಂಜೆ ಅವನು ಏನೂ ಹೇಳದೆ ಚಮಚವನ್ನು ಆಕೆಯ ಕೈಗೆ ಕೊಟ್ಟು ಹೊರಗೆ ಹೋಗಿ ಕೂತ. ಆಕೆ ಅದನ್ನು ಹಿಡಿದು ನಿಂತೇ ಇದ್ದಳು. ಬಾಣಲೆ ಕಾದು ಹೊಗೆಯಾಡುವವರೆಗೆ ಹಾಕಲು ಕೈ ಬರಲಿಲ್ಲ.

ಮುಂದಿನ ದೇಹ ಪರೀಕ್ಷೆಗೆ ಡಾಕ್ಟರಮ್ಮ ಮತ್ತೆ ಕ್ಯಾಂಟೀನಿಗೆ ಬಂದರು. ಎಲ್ಲರ ಮನೆಯ ಅಡುಗೆ ವಿಚಾರಿಸುತ್ತ ಮೇಜಿನಿಂದ ಮೇಜಿಗೆ ಬಂದು, ಎಣ್ಣೆಯಕ್ಕನನ್ನೂ ಉಳಿದವರನ್ನು ಕೇಳಿದ ಹಾಗೆಯೇ ಕೇಳಿದರು. "ನಿಮ್ಮನೇಲಿ ಎಷ್ಟು ಚಮಚ?" ಆಕೆ ಎದ್ದು ನಿಲ್ಲಲಿಲ್ಲ. ತಲೆ ತಗ್ಗಿಸಿ, ಡಾಕ್ಟರಮ್ಮನಿಗೆ ಮಾತ್ರ ಕೇಳುವಂತೆ, ನಿಜವಾದ ಲೆಕ್ಕ ಹೇಳಿದಳು. ಯಾರೂ ನಗಲಿಲ್ಲ. ಯಾರೋ ಒಬ್ಬರು ನೀರಿನ ಜಗ್ಗನ್ನು ಆಕೆಯ ಕಡೆ ಸರಿಸಿದರು. ಆದರೆ ಆಕೆಗೆ ಕೇಳಿಸಿದ್ದು ಈಗ ಹೇಳಿದ ಉತ್ತರವಲ್ಲ. ಇದೇ ಜಾಗದಲ್ಲಿ ಎದ್ದು ನಿಂತು, ಹಿಂದಿನ ಮೇಜಿಗೂ ಮುಟ್ಟುವ ಹಾಗೆ, ಗಂಡನ ಮುಖ ನೋಡುತ್ತ ಅವತ್ತು ಹೇಳಿದ್ದು: "ಸೊನ್ನೆ."